ಬಾಗಿಲಿಗೆ ಬೆನ್ನು ಕೊಟ್ಟ ಮಾವ

ಮಾವ ಕೂತಲ್ಲೇ ಹೋದರು. ಸಾನಪಾಡಾದ ಮಗನ ಮನೆಯಲ್ಲಿ, ಮುಂಬಾಗಿಲಿನ ಪಕ್ಕದ ಕುರ್ಚಿಯಲ್ಲಿ, ಒಂದು ಮಧ್ಯಾಹ್ನ. ತೂಕಡಿಸುತ್ತಿದ್ದಾರೆ ಅಂದುಕೊಂಡ ಸೊಸೆ ಫ್ಯಾನು ಸ್ವಲ್ಪ ಜೋರು ಮಾಡಿ ಒಳಗೆ ಹೋದಳಂತೆ. ಚಹಾ ತಂದಾಗ ಗೊತ್ತಾಯಿತು.

ಹದಿಮೂರನೆಯ ದಿನದ ಊಟಕ್ಕೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು. "ಪುಣ್ಯವಂತರು ಮಾರಾಯ್ರೆ, ಕೂತಲ್ಲೇ ಹೋದ್ರು. ಯಾರಿಗೂ ಕಷ್ಟ ಕೊಡ್ಲಿಲ್ಲ." ಒಬ್ಬರು ಹೇಳಿದರು, ಇಬ್ಬರು ಹೇಳಿದರು, ಪಾಯಸ ಬಡಿಸುವವನೂ ಹೇಳಿದ. ನನಗೆ ರೇಗಿಹೋಯಿತು. ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದೆ. ಕೂತಲ್ಲೇ ಹೋಗುವುದರಲ್ಲಿ ಎಂಥ ಪುಣ್ಯ? ಆ ಮನುಷ್ಯ ಇದ್ದಷ್ಟು ದಿನವೂ ಕೂತೇ ಇದ್ದರು. ಹೋಗುವಾಗಲಾದರೂ ಕಾಲು ಚಾಚಿ ಮಲಗಬಾರದಿತ್ತೇ?

ಅವರು ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವುದರಿಂದ ಸುರುಮಾಡಿ, ಕೊನೆಗೆ ಅದೇ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತವರು. ಗಿರಾಕಿ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರೆ ಮಾವ ಗಲ್ಲೆಯಿಂದಲೇ ಗದ್ದ ಎತ್ತಿ, "ಒಳಗೆ ಜಾಗ ಉಂಟು, ಬನ್ನಿ" ಅನ್ನುತ್ತಿದ್ದರು. ಮರಾಠಿಯವನಿಗೆ ಮರಾಠಿಯಲ್ಲಿ, ಗುಜರಾತಿಯವನಿಗೆ ಹಿಂದಿಯಲ್ಲಿ, ನಮ್ಮವರಿಗೆ ತುಳುವಿನಲ್ಲೋ ಕನ್ನಡದಲ್ಲೋ. ನಿವೃತ್ತರಾದ ಮೇಲೂ ಆ ಮಾತು ಬಿಡಲಿಲ್ಲ. ಯಾರದೇ ಮದುವೆಯಿರಲಿ, ಊಟದ ಹಾಲ್‌ನ ಬಾಗಿಲಲ್ಲಿ ನಿಂತು, "ಹೋಗಿ, ಒಳಗೆ ಜಾಗ ಉಂಟು" ಎಂದು ಕೈ ಮಾಡುತ್ತಿದ್ದರು. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆಯ ಹಿರಿಯರೆಂದು ತಿಳಿಯುತ್ತಿದ್ದರು, ಗಂಡಿನ ಕಡೆಯವರು ಕ್ಯಾಟರಿಂಗಿನವರೆಂದು.

ದೇವರಂಥ ಮನುಷ್ಯ ಎಂದೇನೂ ಅಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ನಾನು ಮಾಡಿದ ಸಾಂಬಾರನ್ನು ಮೂಸಿ ನೋಡಿಯೇ, "ಕೊತ್ತಂಬರಿ ಕರಂಚಿದೆ, ಸುಟ್ಟ ವಾಸನೆ" ಎಂದು ಬದಿಗಿಡುತ್ತಿದ್ದರು. ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಆದರೆ ಡೊಂಬಿವಲಿಯ ಸಾಲುಕೋಣೆಗಳ ಚಾಳಿನಲ್ಲಿ ಅವರಿಗಿದ್ದ ಒಂದೇ ಕೋಣೆಗೆ ಊರಿನಿಂದ ಬಂದವರನ್ನೆಲ್ಲ ಸೇರಿಸಿಕೊಂಡರು. ಕೆಲಸ ಸಿಗುವವರೆಗೆ ಇರಲಿ, ರೂಮು ಸಿಗುವವರೆಗೆ ಇರಲಿ. ಡಿಗ್ರಿ ಮುಗಿಸಿ ಬಂದ ನಾನೂ ಅಲ್ಲೇ ಇದ್ದೆ. ನೆಲದ ಮೇಲೆ ಸಾಲಾಗಿ ಮಲಗಿದರೆ ಒಬ್ಬರು ಮಗ್ಗುಲಾಗಬೇಕಾದರೆ ಪಕ್ಕದವರೂ ಮಗ್ಗುಲಾಗಬೇಕು, ಅಷ್ಟು ಜನ.

ಆ ಕೋಣೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಮಾವನ ಕಥೆಯೆಲ್ಲ ಇರುವುದು ಇದರಲ್ಲೇ. ಬಾಗಿಲ ಹತ್ತಿರ ಯಾರಾದರೂ ಮಲಗಿದರೆ ತಡವಾಗಿ ಬಂದವರಿಗೆ ಬಾಗಿಲು ತೆರೆಯಲಾಗುವುದಿಲ್ಲ. ಮಲಗದೆ ಬಿಟ್ಟರೆ ಅಷ್ಟು ಜಾಗ ದಂಡ. ಹೋಟೆಲುಗಳಲ್ಲಿ ದುಡಿಯುವವರು ಕೊನೆಯ ಲೋಕಲ್ ರೈಲಿಗೆ ಬರುತ್ತಿದ್ದರು, ದಣಿದವರು ಕಲ್ಲಿನ ಹಾಗೆ ನಿದ್ದೆ ಹೋಗುತ್ತಿದ್ದರು, ಹೊರಗಿನವರು ಎಷ್ಟು ತಟ್ಟಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಮಾವ ಒಂದು ದಾರಿ ಕಂಡುಕೊಂಡರು. ಬಾಗಿಲಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ಕೂತು ನಿದ್ದೆ ಮಾಡುವುದು. ತಟ್ಟಿದರೆ ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತಿತ್ತು. ಎದ್ದು ಬಾಗಿಲು ತೆರೆದು, ಒಂದೇ ಪ್ರಶ್ನೆ ಕೇಳುತ್ತಿದ್ದರು. "ಎಲ್ಲ ಬಂದಾಯ್ತಾ?" ಇನ್ನು ಯಾರೂ ಇಲ್ಲ ಎಂದರೆ ಚಿಲಕ ಹಾಕಿಕೊಂಡು, ಪುನಃ ಅಲ್ಲೇ ಕೂರುತ್ತಿದ್ದರು. ಆಗಲಾದರೂ ಮಲಗಬಹುದಿತ್ತಲ್ಲ? ಇಲ್ಲ, ಅಷ್ಟರಲ್ಲಿ ಅವರ ಜಾಗಕ್ಕೆ ಇನ್ನೊಬ್ಬರ ಕಾಲು ಬಂದಿರುತ್ತಿತ್ತು.

ನನ್ನ ಮೊದಲ ಕೆಲಸದಲ್ಲಿ ಪಾಳಿ ಮುಗಿಸಿ ಬರುವಾಗ ತಡವಾಗುತ್ತಿತ್ತು. ಜೋರಾಗಿ ತಟ್ಟಲು ಸಂಕೋಚ. ಬೆರಳ ಗಂಟಿನಿಂದ ಬಾಗಿಲಿನ ಕೆಳಭಾಗಕ್ಕೆ, ಮಾವನ ಬೆನ್ನು ಎಲ್ಲಿರಬಹುದೆಂದು ಅಂದಾಜು ಮಾಡಿ, ಮೆಲ್ಲಗೆ ತಟ್ಟುತ್ತಿದ್ದೆ. ಎರಡನೇ ಸಲ ತಟ್ಟಿದ ನೆನಪಿಲ್ಲ.

ವರ್ಷಗಳು ಹೋದವು. ಬಂದವರೆಲ್ಲ ಒಂದೊಂದು ಕಡೆ ಮನೆ ಮಾಡಿಕೊಂಡರು. ಮಾವನ ಹೆಂಡತಿ, ನಮ್ಮ ಮಾಮಿ ತೀರಿಕೊಂಡರು, ಚಾಳು ಕೆಡವಿ ಬಿಲ್ಡಿಂಗ್ ಬಂತು, ಮಾವ ಸಾನಪಾಡಾದ ಮಗನ ಫ್ಲ್ಯಾಟಿಗೆ ಹೋದರು. ಅಲ್ಲಿ ಅವರಿಗೊಂದು ರೂಮು, ಮಂಚ, ಒಳ್ಳೆಯ ಹಾಸಿಗೆ. ಆದರೆ ಮಾವ ಒಂದು ಕುರ್ಚಿ ಎಳೆದು ಮುಂಬಾಗಿಲಿನ ಪಕ್ಕದಲ್ಲಿ ಹಾಕಿಕೊಂಡರು. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಕತ್ತು ವಾಲಿ ಗೊರಕೆ ಹೊಡೆಯುವರು, ಎಬ್ಬಿಸಿದರೆ, "ನಾನೆಲ್ಲಿ ನಿದ್ದೆ ಮಾಡಿದೆ? ಕಣ್ಣು ಮುಚ್ಚಿದ್ದು ಅಷ್ಟೇ" ಎಂದು ವಾದಿಸುವರು. ಕಾಲುಗಳು ಬಾತುಕೊಂಡವು. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಕಾಲು ಮೇಲಿಟ್ಟು ಮಲಗಬೇಕು, ಮಧ್ಯಾಹ್ನವೂ ಮಲಗಬೇಕು, ಇಲ್ಲದಿದ್ದರೆ ತೊಂದರೆ ಎಂದರು. ಮಾವ ತಲೆಯಾಡಿಸಿ ಬಂದು ಕುರ್ಚಿಯಲ್ಲಿ ಕೂತರು.

ಅವರ ಮಗ ಸಂದೇಶ ಗೋಗರೆದ, ಕೂಗಾಡಿದ, ಕುರ್ಚಿಯನ್ನು ಅಟ್ಟದ ಮೇಲೆ ಹಾಕಿದ. ಮಾವ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು. ಕುರ್ಚಿ ಕೆಳಗೆ ಬಂತು.

ಹೋದ ಚಳಿಗಾಲದಲ್ಲಿ ಸಂದೇಶ ನನಗೆ ಫೋನು ಮಾಡಿದ. ಸಂಬಂಧದ ಲೆಕ್ಕದಲ್ಲಿ ಅವನು ನನ್ನನ್ನು ಅತ್ತಿಗೆ ಅನ್ನಬೇಕು. ಇಲ್ಲೇ ಹುಟ್ಟಿದವನು, ಅಕ್ಕ ಅನ್ನುತ್ತಾನೆ.

"ಅಕ್ಕ, ನನ್ನ ದೋಸ್ತ್ ಒಬ್ಬ ಮೋಟರ್‌ಹೋಮ್ ಬಾಡಿಗೆಗೆ ಕೊಡ್ತಾನೆ. ಪಪ್ಪನನ್ನು ಅದ್ರಲ್ಲಿ ಕರ್ಕೊಂಡು ಹೋಗುವ. ಜಂಗಲ್‌ನಲ್ಲಿ ನಿಲ್ಲಿಸಿದ್ರೆ ಯಾರು ಬರ್ತಾರೆ? ಬಾಗಿಲಿಗೆ ಬೆಲ್ಲೇ ಇಲ್ಲ. ಮಲಗ್ಲೇಬೇಕು ನಾ?"

"ನಿನ್ನ ಅಪ್ಪನ ವಿಷಯ ನಿನಗೆ ಗೊತ್ತಿಲ್ವಾ?"

"ಪ್ಲೀಸ್ ಅಕ್ಕ. ಒಂದು ದಿವಸ ಕಾಲು ಚಾಚಿ ಮಲಗಿದ್ದನ್ನು ನೋಡ್ಬೇಕು ನನಗೆ. ಬಸ್, ಅಷ್ಟೇ."

ನನಗೆ ಎಲ್ಲಿಗೂ ಹೋಗುವ ಉತ್ಸಾಹವಿರಲಿಲ್ಲ. ದಿನಾ ಡೊಂಬಿವಲಿಯಿಂದ ಠಾಣೆಗೆ ನಿಂತು ಹೋಗಿ ನಿಂತು ಬರುವವಳು ನಾನು. ಭಾನುವಾರ ಸಿಕ್ಕಿದರೆ ಗೋಡೆ ನೋಡುತ್ತ ಬಿದ್ದಿರುವುದೇ ನನ್ನ ಪಿಕ್ನಿಕ್. ಆದರೆ ಅವನ ದನಿ ಕೇಳಿ ಹೂಂ ಅಂದೆ. ನನ್ನ ಜೊತೆಗಿರುವ ಅಮ್ಮನೂ ಹೊರಟಳು, ಕಲ್ಯಾಣದ ಚಿಕ್ಕಮ್ಮನೂ. ಮಾವನಿಗೆ ಇಬ್ಬರೂ ತಂಗಿಯರು.

ಗಾಡಿ ಸಣ್ಣ ಬಸ್ಸಿನಷ್ಟಿತ್ತು. ಒಳಗೆ ಹಿಂಭಾಗದಲ್ಲಿ ದೊಡ್ಡ ಹಾಸಿಗೆ, ಮಧ್ಯೆ ಒಲೆ, ಬೇಸಿನ್, ಫ್ರಿಜ್, ಬಿಚ್ಚಿದರೆ ಹಾಸಿಗೆಯಾಗುವ ಮೇಜು. ಅಮ್ಮ ಹತ್ತಿದವಳೇ ಚೀಲದಿಂದ ದೇವರ ಪಟ ತೆಗೆದು ಒಲೆಯ ಮೇಲ್ಗಡೆ ಅಂಟಿಸಿದಳು. ಅಲ್ಲಿಗೆ ಅದು ಮನೆಯಾಯಿತು. ಮನೆಯಾದ ಮೇಲೆ ಒಳಗೆ ಚಪ್ಪಲಿ ಹೇಗೆ? ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಕಲ್ಯಾಣಕ್ಕೆ ಬಂದಾಗ ಚಿಕ್ಕಮ್ಮ ಚೀಲ ಹಿಡಿದು ಬಿಲ್ಡಿಂಗಿನ ಕೆಳಗೆ ನಿಂತಿದ್ದಳು. ಮಾವ ಇಳಿದು, "ಹತ್ತು ಹತ್ತು, ಒಳಗೆ ಜಾಗ ಉಂಟು" ಎಂದು ಅವಳ ಚೀಲ ಎತ್ತಿಕೊಂಡರು. ಇಬ್ಬರೂ ಹತ್ತಿದರು, ಸಂದೇಶ ಗಾಡಿ ಬಿಟ್ಟ. ಉಲ್ಹಾಸನಗರದ ಅಂಚು ದಾಟಿ, ಮುರ್ಬಾಡ್ ರಸ್ತೆ ಹಿಡಿದು, ಎಷ್ಟೋ ಹೊತ್ತಿನ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಚಿಕ್ಕಮ್ಮ ಮೆಟ್ಟಿಲಲ್ಲಿ ನಿಂತು ಕೆಳಗೆ ಹುಡುಕತೊಡಗಿದಳು.

"ನನ್ನ ಚಪ್ಪಲಿ ಎಲ್ಲಿ?"

"ಎಲ್ಲಿ ಬಿಟ್ಟಿದ್ದಿ?"

"ಬಾಗಿಲ ಹೊರಗೆ. ಮತ್ತೆಲ್ಲಿ ಬಿಡ್ತಾರೆ?"

ಮಾವನದೂ ಅಲ್ಲೇ. ಕಲ್ಯಾಣದ ರಸ್ತೆ ಬದಿಯಲ್ಲಿ ಎರಡು ಜೊತೆ ಚಪ್ಪಲಿ, ಮನೆ ಮಾತ್ರ ಮುರ್ಬಾಡಿನಲ್ಲಿ. ಸಂದೇಶ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಕ್ಕ. ಆ ದಿನ ನಾವೆಲ್ಲ ನಕ್ಕದ್ದು ಅದೊಂದೇ ಸಲ.

ಗಾಡಿ ನಿಲ್ಲಿಸಿದ್ದು ನದಿಯ ಹತ್ತಿರದ ಒಂದು ಹೊಲದ ಅಂಚಿನಲ್ಲಿ, ಮಾವಿನ ಮರದ ಕೆಳಗೆ. ಗದ್ದೆ ಕೊಯ್ಲು ಮುಗಿದು ಒಣಹುಲ್ಲು ಹರಡಿತ್ತು. ಸಂದೇಶ ಹಿಂಭಾಗದ ದೊಡ್ಡ ಹಾಸಿಗೆಯಲ್ಲಿ ಕಾಲಿನ ಕಡೆಗೆ ಎರಡು ದಿಂಬು ಪೇರಿಸಿ, ಮದುಮಗನನ್ನು ಕರೆದುಕೊಂಡು ಹೋಗುವ ಹಾಗೆ ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದ. "ಒಳ್ಳೇದುಂಟು," ಎಂದರು ಮಾವ. ನೋಡಿ ವಾಪಸ್ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತರು.

ಬೆಳಿಗ್ಗೆ ಆ ಹಾಸಿಗೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಮಾವ, "ಗಡದ್ದಾಗಿ ನಿದ್ದೆ ಬಂತು" ಎಂದರು. ಚಿಕ್ಕಮ್ಮ ಬೆಳಗಿನ ಜಾವ ಎದ್ದಾಗ ಅವರ ಕಾಲು ತುಳಿದು ಮುಗ್ಗರಿಸಿದ್ದಳು. ಸಂದೇಶ ಅಪ್ಪನ ಪಾದ ನೋಡಿದ. ಬರಿಗಾಲು, ಗಿಣ್ಣು ಕಾಣದ ಹಾಗೆ ಬಾತಿದ್ದವು, ಚರ್ಮ ಮಿರುಗುತ್ತಿತ್ತು. ಅವನು ಬಕೆಟ್ ಎತ್ತಿಕೊಂಡು ನದಿಯ ಕಡೆಗೆ ಹೋದ. ನನಗೂ ಸಾಕಾಗಿತ್ತು. ಇಷ್ಟು ದೂರ ಬಂದದ್ದು, ಇಷ್ಟು ಪಾತ್ರೆ ಹೊತ್ತದ್ದು, ಎಲ್ಲ ವ್ಯರ್ಥ ಅನ್ನಿಸಿತು. ಸಂಜೆಗೆ ಹೊರಡಬೇಕು, ಮರುದಿನ ಆಫೀಸು.

ಮರದಡಿಯಲ್ಲಿ ಚಿಕ್ಕಮ್ಮ ಸೌತೆಕಾಯಿ ಹೆಚ್ಚುತ್ತಿದ್ದಳು, ಅಮ್ಮ ಹಳೆಯ ಕೋಣೆಯ ಕಥೆ ತೆಗೆದಳು. ಅಣ್ಣ ಕೂತೇ ನಿದ್ದೆ ಮಾಡಿ ಎಷ್ಟು ಜನರನ್ನು ದಡ ಸೇರಿಸಿದರು, ಅದು ಪುಣ್ಯದ ಕೆಲಸ ಎಂದು. ಮಾವ ಗಾಡಿಯ ಮೆಟ್ಟಿಲಲ್ಲಿ ಕೂತು ಕೇಳುತ್ತಿದ್ದರು. ಚಿಕ್ಕಮ್ಮ ಕತ್ತಿ ಕೆಳಗಿಟ್ಟಳು.

"ಅಣ್ಣ ಬಾಗಿಲು ತೆಗೆದ್ರು, ಸರಿ. ತೆಗೆದ ಮೇಲೆ ಬಂದವನಿಗೆ ಅನ್ನ ಬಿಸಿ ಮಾಡಿ ಹಾಕಿದ್ದು ಯಾರು? ಅತ್ತಿಗೆ. ಅವ್ರು ಎದ್ದದ್ದನ್ನು ಯಾರಾದ್ರೂ ಹೇಳ್ತೀರಾ? ಪುಣ್ಯದ ಕೆಲಸ ಅಂತೆ, ಪುಣ್ಯದ ಕೆಲಸ!"

ಮಾವನಿಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಅವರು ತಮ್ಮ ಚಹಾದ ಗ್ಲಾಸು ನೋಡಿಕೊಂಡರು. "ಹೌದು," ಎಂದರು. "ಅವಳನ್ನು ನಾನೇ ಏಳಿಸ್ತಿದ್ದೆ." ಆಮೇಲೆ ಎದ್ದು ಗ್ಲಾಸು ತೊಳೆಯಲು ಒಳಗೆ ಹೋದರು. ಅಮ್ಮನೂ ಹಪ್ಪಳ ಕಾಯಿಸಲು ಹೋದಳು. ಗಾಳಿಗೆ ಒಲೆ ಆರುತ್ತದೆಂದು ಅವಳು ಗಾಡಿಯ ಬಾಗಿಲು ಎಳೆದುಕೊಂಡಳು.

ಬಾಗಿಲು ಮುಚ್ಚಿದ್ದು ಕಂಡರೆ ಮಾವ ಎಂತ ಮಾಡುತ್ತಾರೆ? ಅದಕ್ಕೆ ಬೆನ್ನು ಕೊಟ್ಟು ಕೂತರು. ಅದು ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ಹೊಲದ ಆಚೆಯ ನಲ್ಲಿಯಿಂದ ಕುಡಿಯುವ ನೀರು ತುಂಬಿಸಿಕೊಂಡು ಬಂದವಳು ಕ್ಯಾನು ಕೆಳಗಿಟ್ಟು, ಹಿಡಿ ತಿರುಗಿಸಿ ಬಾಗಿಲು ಎಳೆದೆ.

ಬಾಗಿಲಿನ ಜೊತೆ ಮಾವನೂ ಬಂದರು. ಮೊದಲು ನರೆತ ತಲೆ, ಆಮೇಲೆ ಬಿಳಿ ಅಂಗಿಯ ಬೆನ್ನು. ನಾನು ಕೈ ಚಾಚಿದೆನೋ, ಅವರೇ ಬಂದು ಎದೆಗೆ ಬಡಿದರೋ, ನಾನು ಹಿಂದಕ್ಕೆ ಒಣಹುಲ್ಲಿನ ಮೇಲೆ ಕುಕ್ಕರುಬಡಿದೆ, ಅವರು ನನ್ನ ಮೇಲಿಂದ ಮೆಲ್ಲಗೆ ಜಾರಿ ನೆಲಕ್ಕೆ ಬಂದರು. ಒಳಗಿನಿಂದ ಅಮ್ಮ ಕಿರುಚಿದಳು. ಚಿಕ್ಕಮ್ಮ ಸೌತೆಕಾಯಿ ಚೆಲ್ಲಿ ಓಡಿಬಂದಳು.

"ಮಾವ! ಪೆಟ್ಟಾಯ್ತಾ? ಸೊಂಟ? ತಲೆ?"

ಅವರು ಬಿದ್ದಲ್ಲೇ ಇದ್ದರು. ಬೆನ್ನು ಹುಲ್ಲಿನ ಮೇಲೆ, ಕಾಲುಗಳೆರಡೂ ಗಾಡಿಯ ಮೆಟ್ಟಿಲ ಮೇಲೆ. ಕಣ್ಣು ತೆರೆದು, ತೆರೆದ ಬಾಗಿಲನ್ನು ಕೆಳಗಿನಿಂದ ನೋಡುತ್ತಿದ್ದರು.

"ಅಲ್ಲ ಮಾರಾಯ್ತಿ," ಎಂದರು, "ಇದು ಹೊರಗೆ ತೆರೆಯುವ ಬಾಗಿಲಾ?"

"ಹೌದು ಮಾವ. ಗಾಡಿ ಅಲ್ವಾ."

"ಹಾಗಾದ್ರೆ ಒಳಗೆ ಯಾರಾದ್ರೂ ಅಡ್ಡ ಮಲಗಿದ್ರೂ ತೆರೀತದೆ."

"ತೆರೀತದೆ."

ಅವರು ಆ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ದೊಡ್ಡ ಸಂಗತಿಯೊಂದು ತಡವಾಗಿ ತಿಳಿದವರ ಹಾಗೆ.

"ಮೊದಲೇ ಹೇಳ್ಬಾರ್ದಾ?" ಎಂದರು.

ಏಳಿಸಲು ನಾನು ಹೆಗಲಿಗೆ ಕೈ ಹಾಕಿದೆ. "ಇರು," ಎಂದರು. "ಒಂಚೂರು ಇರು." ಮೈ ಕೈ ಎಲ್ಲ ಮುಟ್ಟಿ ನೋಡಿದೆವು, ಎಲ್ಲಿಯೂ ನೋವಿಲ್ಲ ಎಂದರು, ಕೈ ಬೆರಳು ಆಡಿಸಿ ತೋರಿಸಿದರು. ಚಿಕ್ಕಮ್ಮ ಶಾಲು ಮಡಚಿ ತಲೆಯಡಿಗಿಟ್ಟಳು. ಅಷ್ಟರಲ್ಲಿ ನದಿಯಿಂದ ಸಂದೇಶ ಬಕೆಟ್ ಎಸೆದು ಓಡಿಬಂದ. ಏದುಸಿರು ಬಿಡುತ್ತ ಅಪ್ಪನ ಮುಖ ನೋಡಿದ, ಎದೆ ನೋಡಿದ, ಮೆಟ್ಟಿಲ ಮೇಲಿದ್ದ ಕಾಲು ನೋಡಿದ. ಮಾವನ ಕಣ್ಣು ಆಗಲೇ ಮುಚ್ಚಿತ್ತು. ಗೊರಕೆ ಸುರುವಾಗಿತ್ತು.

"ಅಕ್ಕ," ಎಂದು ಪಿಸುಗುಟ್ಟಿದ, "ಡಾಕ್ಟರ್ ಹೇಳಿದ್ದು ಇದೇ ಪೊಸಿಶನ್."

ಹೇಳಿ ಅತ್ತುಬಿಟ್ಟ. ತಲೆ ಬಿಳಿಯಾಗುತ್ತಿರುವ ಗಂಡಸು, ಒದ್ದೆ ಪ್ಯಾಂಟಿನಲ್ಲಿ ಹುಲ್ಲಿನ ಮೇಲೆ ಕೂತು, ಸದ್ದಾಗದ ಹಾಗೆ ಬಾಯಿಗೆ ತೋಳು ಒತ್ತಿಕೊಂಡು ಅತ್ತ.

ಆಮೇಲೆ ಯಾರೂ ಅವರನ್ನು ಮುಟ್ಟಲಿಲ್ಲ. ಅಮ್ಮ ಒಳಗೇ ಸಿಕ್ಕಿಬಿದ್ದಳು. ಇಳಿಯಬೇಕಾದರೆ ಅಣ್ಣನ ಕಾಲು ದಾಟಬೇಕು, ಅದು ಅವಳಿಂದ ಆಗದು. ಕಿಟಕಿಯಿಂದಲೇ ತಟ್ಟೆಗಳನ್ನು ಒಂದೊಂದಾಗಿ ಕೊಟ್ಟಳು. ನಾವು ಹುಲ್ಲಿನ ಮೇಲೆ ಕೂತು, ಹಪ್ಪಳ ಮುರಿಯುವ ಸದ್ದಿಗೂ ಹೆದರಿ ಸಾರಿನಲ್ಲಿ ನೆನೆಸಿ ತಿಂದೆವು. ಅಮ್ಮ ಒಳಗೆ ಸಿಂಕಿನ ಪಕ್ಕ ನಿಂತು ಉಂಡಳು. ಬಿಸಿಲು ಸರಿದು ಮಾವನ ಮುಖಕ್ಕೆ ಬಂದಾಗ ಚಿಕ್ಕಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ನೆರಳು ಮಾಡಿದಳು. ಬೆಳಿಗ್ಗೆ ಅಷ್ಟು ಮಾತಾಡಿದವಳು. ಕೈ ಸೋತಾಗ ಕೈ ಬದಲಿಸುತ್ತಿದ್ದಳು.

"ಅತ್ತಿಗೆಗೂ ಇಂಥದ್ದೊಂದು ನಿದ್ದೆ ಸಿಗ್ಬೇಕಿತ್ತು," ಎಂದಳು, ನನಗಲ್ಲ, ಸುಮ್ಮನೆ. ಸೆರಗು ಮಾತ್ರ ಇಳಿಸಲಿಲ್ಲ.

ಗಾಡಿ ವಾಪಸ್ ಕೊಡುವ ಹೊತ್ತು ಮೀರುತ್ತಿತ್ತು. ಸಂದೇಶ ದೂರ ಹೋಗಿ ಫೋನಿನಲ್ಲಿ ದೋಸ್ತನಿಗೆ, "ಅರೇ ಯಾರ್, ಪಪ್ಪ ಸೋಯೇ ಹೈಂ" ಎಂದು, ಅಪ್ಪ ಮಲಗಿದ್ದಾರೆ ಎನ್ನುವುದು ಕೇಳಿಸಿತು. ಅವನು ಹೇಳಿದ ರೀತಿಗೆ ಆ ಕಡೆಯವನು ಏನು ತಿಳಿದನೋ, ಬೇಗ ಒಪ್ಪಿದ. ನಾನು ಗಾಡಿಯ ಚಕ್ರಕ್ಕೆ ಒರಗಿ ಕೂತೆ. ರಬ್ಬರು ಬೆಚ್ಚಗಿತ್ತು. ನಾಳೆಯ ಲೋಕಲ್ಲು, ಆಫೀಸು, ಮೊಣಕಾಲು ನೋವು, ಎಲ್ಲ ಅದರದರ ಜಾಗದಲ್ಲೇ ಇದ್ದವು. ಆದರೂ ಎಷ್ಟೋ ಕಾಲದ ಮೇಲೆ ಏಳುವ ಅವಸರವಿಲ್ಲದೆ ಕೂತಿದ್ದೆ. ಆಚೆ ಹೊಲದಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಬಿಸಿಲು ಹಳದಿಯಾಯಿತು, ನದಿಯ ಕಡೆಯಿಂದ ತಂಪು ಬರತೊಡಗಿತು. ಸಂದೇಶ ಚಾದರ ತಂದು ಅಪ್ಪನಿಗೆ ಹೊದಿಸಿದ, ಕಾಲು ಮಾತ್ರ ಮೆಟ್ಟಿಲಿನಿಂದ ಕದಲಿಸಲಿಲ್ಲ.

ಚಾದರದ ಸ್ಪರ್ಶಕ್ಕೋ ಏನೋ, ಮಾವ ಅರೆಬರೆ ಎಚ್ಚರಾದರು. ಕಣ್ಣು ತೆರೆಯಲಿಲ್ಲ.

"ಎಲ್ಲ ಬಂದಾಯ್ತಾ?"

ಮೂವತ್ತು ವರ್ಷ ಹಿಂದಿನ ಅದೇ ದನಿ, ಅದೇ ನಿದ್ದೆಗಣ್ಣಿನ ಗದರಿಕೆ. ಸಂದೇಶ ನನ್ನನ್ನು ನೋಡಿದ. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಚಿಕ್ಕಮ್ಮ ತಲೆ ತಗ್ಗಿಸಿದಳು. ನಾನು ಹತ್ತಿರ ಹೋಗಿ ಅವರ ಕಿವಿಯ ಬಳಿ ಬಗ್ಗಿದೆ.

"ಬಂದಾಯ್ತು ಮಾವ. ಎಲ್ಲ ಬಂದಾಯ್ತು. ಇನ್ನು ಯಾರೂ ಇಲ್ಲ."

"ಹಾಗಾದ್ರೆ ಚಿಲಕ ಹಾಕು."

ಬಾಗಿಲು ಹೊಲದ ಕಡೆಗೆ ಹಾರುಹೊಡೆದು ನಿಂತಿತ್ತು. ಮುಚ್ಚುವಂತಿರಲಿಲ್ಲ, ಅವರ ಕಾಲು ಅಡ್ಡವಿತ್ತು.

"ಹಾಕಿದೆ ಮಾವ," ಅಂದೆ. "ಮಲಗಿ."